‘ಕೋಲಾರದ ಘಟನೆಗಳು’ ಮತ್ತು ಮುಕ್ತ ವಿದ್ವತ್ತು

ಸಂಶೋಧನೆಯ ಫಲಿತಾಂಶವನ್ನೂ, ಸಾಧ್ಯವಾದಲ್ಲಿ ಅದರ ಹಿಂದಿನ ಅಳತೆ, ಲೆಕ್ಕಾಚಾರಗಳನ್ನೂ, ಯಾವ ದೇಶದ ಯಾರೇ ಆದರೂ ಹಣ ತೆರದೆ ಅಂತರ್ಜಾಲದಲ್ಲಿ ಓದಿ, ಪರಿಶೀಲಿಸಿ, ಮುಂದುವರಿಸಲು ಬರುವಂತೆ ಇಡುವ ಪದ್ಧತಿಗೆ ಮುಕ್ತ ವಿದ್ವತ್ತು ಎಂದು ಹೆಸರು. 2002ರ ಬುಡಾಪೆಸ್ಟ್ ಘೋಷಣೆಯಿಂದ ಈ ಚಳವಳಿಗೆ ಖಚಿತ ರೂಪ ಬಂದಿತಾದರೂ, ದೂರದ ದೇಶಗಳ ವಿದ್ವಾಂಸರು ಒಂದೇ ಸಾಕ್ಷ್ಯದ ಮುಂದೆ ಕುಳಿತು ಅದನ್ನು ಕೂಡಿಯೇ ತೂಗಿ ನೋಡುವ ರೂಢಿ ಅದಕ್ಕಿಂತ ಬಹಳ ಹಳೆಯದು. ಕರ್ನಾಟಕದಲ್ಲಿ ಆ ರೂಢಿ ಗಟ್ಟಿಯಾಗಿ ಬೇರೂರಿದ್ದು, ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಕೋರಮಂಡಲ್, ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಒಂದರ ಬೆನ್ನಿಗೊಂದರಂತೆ ಹಾದುಹೋಗುವ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ.

ಭೌತವಿಜ್ಞಾನಿಗಳು ಗಣಿಗೆ ಇಳಿದ ಕಾರಣ ಸರಳವಾಗಿದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಇವು ಎಲೆಕ್ಟ್ರಾನಿನ ಬಳಗಕ್ಕೆ ಸೇರಿದ, ಆದರೆ ಅದಕ್ಕಿಂತ ಸುಮಾರು 200 ಪಟ್ಟು ಭಾರವಾದ ಕಣಗಳು. ನೆಲದ ಮೇಲೆ ಚಾಚಿದ ಅಂಗೈಯನ್ನು ಸೆಕೆಂಡಿಗೆ ಒಂದರಂತೆ ಇವು ತೂರಿಹೋಗುತ್ತಿರುತ್ತವೆ. ಅದೇ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ವಿದ್ಯುದಂಶವಿಲ್ಲದ ಕಣವಾದರೋ ಇಡೀ ಭೂಮಿಯನ್ನೇ ಯಾವ ಗುರುತೂ ಬಿಡದೆ ದಾಟಬಲ್ಲದು. ಅಪರೂಪಕ್ಕೊಮ್ಮೆ ಬಂಡೆಯೊಳಗಿನ ಪರಮಾಣುವಿಗೆ ತಗುಲಿದಾಗ ಮಾತ್ರ ಅದರಿಂದ ಒಂದು ಮ್ಯೂಆನ್ ಹೊರಬೀಳುತ್ತದೆ. ಮ್ಯೂಆನ್‌ಗಳ ಮಳೆಯ ನಡುವೆ ಆ ಒಂದೇ ಒಂದು ಹನಿಯನ್ನು ಹುಡುಕಬೇಕಾದರೆ ಮಳೆಯನ್ನು ತಡೆಯುವಷ್ಟು ದಪ್ಪದ ಸೂರು ಬೇಕು. ಸಾಮಾನ್ಯ ಶಿಲೆಗಿಂತ ಹೆಚ್ಚು ಸಾಂದ್ರವಾದ ಕೋಲಾರದ ಬಂಡೆ ಅಂಥ ಸೂರಾಯಿತು.

ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಸೂಚನೆಯಂತೆ 1951ರಲ್ಲಿ ಇಲ್ಲಿ ಮ್ಯೂಆನ್ ಎಣಿಕೆ ಆರಂಭಿಸಿದರು. 1960ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಸಬುರೊ ಮಿಯಾಕೆ ಅವರೂ ಸೇರಿ ಇನ್ನೂ ಆಳಕ್ಕೆ ಉಪಕರಣ ಒಯ್ದು ನೋಡಿದಾಗ, ಎಲ್ಲಕ್ಕಿಂತ ಕೆಳಗಿನ ನೆಲೆಯಲ್ಲಿ ಎರಡು ತಿಂಗಳ ಕಾಲ ಒಂದು ಮ್ಯೂಆನ್ ಕೂಡ ದಾಖಲಾಗಲಿಲ್ಲ. ಬೇರೆ ಪ್ರಯೋಗದಲ್ಲಾದರೆ ಸೋಲೆನಿಸಬಹುದಾಗಿದ್ದ ಈ ಸೊನ್ನೆಯೇ ನ್ಯೂಟ್ರಿನೊ ಹುಡುಕಾಟಕ್ಕೆ ಈ ಗಣಿ ತಕ್ಕ ಜಾಗವೆಂಬುದನ್ನು ತೋರಿಸಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಒಟ್ಟುಗೂಡಿ, ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಶೋಧಕಗಳನ್ನು ನಿಲ್ಲಿಸಿದವು.

ಆ ಶೋಧಕದ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಹಲಗೆಗಳನ್ನು ಎರಡು ಗೋಡೆಗಳಂತೆ ಎದುರುಬದುರಾಗಿ ಎತ್ತಿ ನಿಲ್ಲಿಸಿ, ಅವುಗಳ ನಡುವೆ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳನ್ನು ಸಾಲುಸಾಲಾಗಿ ಜೋಡಿಸಲಾಗಿತ್ತು. ಹಲಗೆಗಳು ಮಿನುಗಿದೊಡನೆ ಕೊಳವೆಗಳಿಗೆ ಹೆಚ್ಚಿನ ವೋಲ್ಟೇಜಿನ ವಿದ್ಯುತ್ ಹರಿದು, ಕಣ ಹಾದುಹೋದ ಕೊಳವೆಗಳು ಮಾತ್ರ ಕೆಂಪಗೆ ಬೆಳಗುತ್ತಿದ್ದವು, ಆ ಬೆಳಕಿನ ಚುಕ್ಕೆಗಳ ಸಾಲನ್ನು ಕ್ಯಾಮೆರಾ ಫಿಲ್ಮಿನ ಮೇಲೆ ಹಿಡಿಯುತ್ತಿತ್ತು. ಗೋಡೆಗಳನ್ನು ಮಲಗಿಸದೆ ನಿಲ್ಲಿಸಿದ್ದರಲ್ಲಿಯೇ ಪ್ರಯೋಗದ ಜಾಣ್ಮೆಯಿದೆ. ಅಷ್ಟು ಆಳಕ್ಕೂ ಇಳಿದುಬರುವ ವಾತಾವರಣದ ಮ್ಯೂಆನ್ ನೆತ್ತಿಯ ಕಡೆಯಿಂದಲೇ ಬರಬೇಕು, ಏಕೆಂದರೆ ಓರೆಯಾಗಿ ಬಂದಷ್ಟೂ ಅದು ದಾಟಬೇಕಾದ ಬಂಡೆ ಹೆಚ್ಚುತ್ತ ಹೋಗುತ್ತದೆ. ಹಾಗಾಗಿ ಫಿಲ್ಮಿನ ಮೇಲೆ ಅಡ್ಡಡ್ಡಲಾಗಿ ಒಂದು ಗೆರೆ ಮೂಡಿದರೆ, ಅದು ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ತಗುಲಿದ್ದರ ಗುರುತೇ ಸರಿ.

ಅಂಥ ಗೆರೆಗಳ ವರದಿ ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ 1965ರ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡ ತನ್ನ ಮೊದಲ ಘಟನೆಯನ್ನು ಅದೇ ವರ್ಷದ ಫೆಬ್ರವರಿಯಲ್ಲೇ ದಾಖಲಿಸಿತ್ತಾದರೂ ಅವರ ಪ್ರಬಂಧ ಹೊರಬಂದದ್ದು ಎರಡು ವಾರಗಳ ಅನಂತರ. ಕೋಲಾರದ ಪ್ರಬಂಧದಲ್ಲಿ ಮೂರು ದೇಶಗಳ ಭೌತವಿಜ್ಞಾನಿಗಳ ಹೆಸರುಗಳಿವೆ. ಸಿಡಿಮದ್ದಿಟ್ಟು ಬಂಡೆ ಕೊರೆದು ದಾರಿ ಮಾಡಿದವರ, ಗಣಿಯ ಲಿಫ್ಟಾದ ಕೇಜಿನಲ್ಲಿ ಸೀಸ, ಗಾಜುಗಳನ್ನು ಜೋಪಾನವಾಗಿ ಇಳಿಸಿದವರ ಹೆಸರುಗಳಿಲ್ಲ. ಯಾರು ಯಾವ ಕೆಲಸ ಮಾಡಿದರೆಂಬುದನ್ನು ಪ್ರಬಂಧದಲ್ಲೇ ಬಿಡಿಸಿ ಬರೆಯಬೇಕೆಂದು ಮುಕ್ತ ವಿದ್ವತ್ತಿನವರು ಇಂದು ಒತ್ತಾಯಿಸುತ್ತಿರುವುದು ನ್ಯಾಯವಾದ ಮಾತು ಎಂಬುದಕ್ಕೆ ಗಣಿ ಕಾರ್ಮಿಕರ ಈ ಗೈರುಹಾಜರಿಗಿಂತ ಬೇರೆ ನಿದರ್ಶನ ಬೇಕಿಲ್ಲ.

ಮುಂದಿನ ವರ್ಷಗಳ ಫಿಲ್ಮುಗಳಲ್ಲಿ ಯಾರೂ ನಿರೀಕ್ಷಿಸದಿದ್ದ ಒಂದು ವಿಚಿತ್ರ ಕಾಣಿಸಿತು. ಎರಡು ಮೂರು ಗೆರೆಗಳು ಒಟ್ಟಿಗೆ ಮೂಡಿದ್ದ ಬೆರಳೆಣಿಕೆಯ ಚಿತ್ರಗಳಲ್ಲಿ ಆ ಗೆರೆಗಳನ್ನು ಹಿಂದಕ್ಕೆ ಎಳೆದು ನೋಡಿದರೆ, ಅವು ಕೂಡುವ ಬಿಂದು ಬಂಡೆಯೊಳಗೂ ಇರಲಿಲ್ಲ, ಶೋಧಕದೊಳಗೂ ಇರಲಿಲ್ಲ. ಎರಡರ ನಡುವಿನ ಬರಿಯ ಗಾಳಿಯಲ್ಲಿತ್ತು. ಗಾಳಿಯಷ್ಟು ತೆಳುವಾದ ವಸ್ತುವಿಗೆ ನ್ಯೂಟ್ರಿನೊ ತಗುಲುವ ಸಂಭವ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ, ಯಾವುದೋ ಹೊಸ ಕಣ ಹಾರುತ್ತಿರುವಾಗಲೇ ಒಡೆದಿರಬೇಕೆಂದು ತಂಡ 1975ರಲ್ಲಿ ಬರೆಯಿತು. ‘ಕೋಲಾರದ ಘಟನೆಗಳು’ ಎಂದು ವಿಜ್ಞಾನಲೋಕ ಕರೆಯುವುದು ಇವನ್ನೇ. ಕಣವೇಗವರ್ಧಕಗಳಲ್ಲಿ ನಡೆದ ಹುಡುಕಾಟದಲ್ಲಿ ಅಂಥ ಕಣ ಸಿಗಲಿಲ್ಲ. 1990ರ ದಶಕದ ಆರಂಭದಲ್ಲಿ ಗಣಿಯೊಳಗಿನ ಪ್ರಯೋಗಾಲಯ ನಿಂತಿತು, 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು, ಸುರಂಗಗಳಿಗೆ ನೀರು ತುಂಬಿತು. ಅಳತೆಯನ್ನು ಅದೇ ಜಾಗದಲ್ಲಿ ಮತ್ತೊಮ್ಮೆ ಮಾಡಿ ನೋಡುವ ದಾರಿ ಹೀಗೆ ಕಡಿದುಹೋದ ಮೇಲೆ ಉಳಿದದ್ದು ಬರಹವೊಂದೇ.

ಆ ಬರಹ ಉಳಿದ ಬಗೆಯೇ ಇಲ್ಲಿ ಮುಖ್ಯವಾದದ್ದು. 1975ರ ಪ್ರಬಂಧಗಳಲ್ಲಿ ಒಂದು ಅಚ್ಚಾದದ್ದು ‘ಪ್ರಮಾಣ’ ಪತ್ರಿಕೆಯಲ್ಲಿ. ಇದನ್ನು ಪ್ರಕಟಿಸುವುದು ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ. ತನ್ನ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನೆಲ್ಲ ಅಕಾಡೆಮಿ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಇತ್ತ ಪ್ರೀಪ್ರಿಂಟ್ ಎಂಬ, ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಸಹೋದ್ಯೋಗಿಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದ ಬೆರಳಚ್ಚು ಪ್ರತಿಗಳ ಪದ್ಧತಿಯನ್ನು ಪಾಲ್ ಗಿನ್ಸ್‌ಪಾರ್ಗ್ ಅವರು 1991ರಲ್ಲಿ ‘ಆರ್ಕೈವ್’ ಎಂಬ ಗಣಕ ಭಂಡಾರವಾಗಿ ಮಾರ್ಪಡಿಸಿದ್ದರು. ಅಂಚೆಯ ಪಟ್ಟಿಯಲ್ಲಿ ಹೆಸರಿದ್ದವರಿಗಷ್ಟೇ ಸಿಗುತ್ತಿದ್ದ ಪ್ರತಿ ಆಗ ಎಲ್ಲರದಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿ ತನ್ನ ಅಧ್ಯಾಪಕರ ಪ್ರಬಂಧಗಳಿಗಾಗಿ ಇಂಥದೇ ಭಂಡಾರವನ್ನು ದೇಶದಲ್ಲೇ ಮೊದಲಿಗೆ ತೆರೆಯಿತು. 2006ರ ನವೆಂಬರಿನಲ್ಲಿ ಅಲ್ಲಿಯೇ ಹಲವು ದೇಶಗಳ ಪ್ರತಿನಿಧಿಗಳು ಸೇರಿ, ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆಯ ಪ್ರಬಂಧ ಸಾರ್ವಜನಿಕರಿಗೆ ತೆರೆದಿರಬೇಕೆಂಬ ನೀತಿಯ ಮಾದರಿಯೊಂದನ್ನು ಅಭಿವೃದ್ಧಿಶೀಲ ದೇಶಗಳ ಮುಂದಿಟ್ಟರು.

ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯ ಎಂ. ವಿ. ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ 2013ರಲ್ಲಿ ಕೋಲಾರದ ಘಟನೆಗಳನ್ನು ಮತ್ತೆ ಕೈಗೆತ್ತಿಕೊಂಡರು. ವಿಶ್ವದ ದ್ರವ್ಯದ ಬಹುಪಾಲು ಬೆಳಕು ಬೀರದ ಕಪ್ಪುದ್ರವ್ಯ ಎಂಬುದು ಈಗ ಒಪ್ಪಿತವಾದ ಸಂಗತಿ; ಅಂಥ ಕಪ್ಪುದ್ರವ್ಯದ ಕಣವೊಂದು ಗಣಿಯ ಗಾಳಿಯಲ್ಲಿ ಒಡೆದಿದ್ದರೆ ಆ ಗೆರೆಗಳಿಗೆ ವಿವರಣೆ ಸಿಗುತ್ತದಲ್ಲವೇ ಎಂಬುದು ಅವರ ಪ್ರಶ್ನೆ. ಊಹೆ ಸರಿಯೆಂದು ಯಾರೂ ಸಾಧಿಸಿಲ್ಲ. ಆದರೆ ಪ್ರಬಂಧ ಮೊದಲು ಆರ್ಕೈವಿನಲ್ಲಿ, ಮರುವರ್ಷ ‘ಪ್ರಮಾಣ’ದಲ್ಲಿ ಬಂದದ್ದರಿಂದ, ಜಗತ್ತಿನ ಯಾವ ಮೂಲೆಯ ವಿದ್ಯಾರ್ಥಿಯೂ ಹೊಸ ವಾದವನ್ನೂ 1975ರ ಮೂಲ ವಿವರಗಳನ್ನೂ ಅಕ್ಕಪಕ್ಕದಲ್ಲಿಟ್ಟು ತಾಳೆ ನೋಡಬಹುದಾಯಿತು. ನೆಲದಡಿಯ ಗುಹೆಯೊಂದರ ಗೋಡೆಗಳಿಗೆ ಶೋಧಕಗಳನ್ನು ಹೊದಿಸಿ, ನಡುವಿನ ಗಾಳಿಯಲ್ಲಿ ಒಡೆಯುವ ಕಣಗಳನ್ನು ಹಿಡಿಯಲು ಬರುತ್ತದೆಯೇ ಎಂಬ ಲೆಕ್ಕಾಚಾರಗಳೂ ಅದರ ಹಿಂದೆಯೇ ಬಂದವು. ತಮಿಳುನಾಡಿನ ಥೇಣಿ ಜಿಲ್ಲೆಯ ಬೆಟ್ಟದಡಿ ಯೋಜಿಸಲಾದ ನ್ಯೂಟ್ರಿನೊ ವೀಕ್ಷಣಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು ಅವು. ಕೋಲಾರದ ದಿನಗಳ ಒಸಾಕಾದೊಂದಿಗಿನ ನಂಟೂ ಊಟಿಯ ‘ಗ್ರೇಪ್ಸ್-3’ ವಿಶ್ವಕಿರಣ ಪ್ರಯೋಗದಲ್ಲಿ ಮುಂದುವರಿದಿದೆ.

ಕೇಂದ್ರ ಸರ್ಕಾರ 2025ರಲ್ಲಿ ಜಾರಿಗೆ ತಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ, ಸಾವಿರಾರು ವಿದೇಶಿ ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸುತ್ತಿರುವುದು ದೊಡ್ಡ ಅನುಕೂಲವೇ ಆದರೂ, ಸಂಸ್ಥೆಯ ಹೊರಗಿರುವವರಿಗೆ ಆ ಬಾಗಿಲು ತೆರೆಯುವುದಿಲ್ಲ. ಉರಿಗಾಂ ನಿಲ್ದಾಣದಲ್ಲಿ ರೈಲಿಗಾಗಿ ಕಾಯುವ ಹಳೆಯ ಗಣಿ ಕಾರ್ಮಿಕರ ಮೊಮ್ಮಗಳು, ಯಾವ ಕಾಲೇಜಿಗೂ ಸೇರದವಳಾಗಿದ್ದರೂ, ತನ್ನ ಮೊಬೈಲಿನಲ್ಲಿ ತೆರೆದು ಓದಬಹುದಾದದ್ದು ಚಂದಾದಾರರಿಗೆ ಮೀಸಲಾದ ಆ ಸಂಚಿಕೆಗಳನ್ನಲ್ಲ, ಅಕಾಡೆಮಿಯ ತಾಣದಲ್ಲಿರುವ 1975ರ ‘ಪ್ರಮಾಣ’ದ ಪುಟಗಳನ್ನು.