ಪ್ರಾಣಿಗೆ ದೂರ, ಮನುಷ್ಯರಿಗೆ ಮಾತು

ಬೈಲಹೊಂಗಲ, ರಾಮದುರ್ಗದ ಕಡೆಯ ವಿದ್ಯಾರ್ಥಿ ಮಿತ್ರರೇ, ಸ್ವಾಹಿಲಿ ಭಾಷೆಯಲ್ಲಿ 'ಸಫಾರಿ' ಎಂದರೆ ಪ್ರಯಾಣ. ಕೀನ್ಯಾದ ಮಸಾಯಿ ಮಾರಾಕ್ಕೆ ಕ್ಯಾಮೆರಾ ಹಿಡಿದು ಹೋಗುವ ಪ್ರವಾಸಿಗರು ಸಿಂಹದ ಚಿತ್ರವನ್ನೂ ತೆಗೆಯುತ್ತಾರೆ, ದನಗಾಹಿ ಮಸಾಯಿ ಜನರ ಕುಣಿತವನ್ನೂ ತೆಗೆಯುತ್ತಾರೆ. ಎರಡಕ್ಕೂ ಒಂದೇ ವಿಧಾನ ಸರಿಯೇ?

ಉತ್ತರವನ್ನು ನಮ್ಮ ನೆರೆಯಲ್ಲೇ ನೋಡೋಣ. ಕಿತ್ತೂರಿನಿಂದ ಖಾನಾಪುರ, ಹಳಿಯಾಳದತ್ತ ಹೋದರೆ ಕಾಡಂಚಿನಲ್ಲಿ ಸಿದ್ದಿಯರ ಊರುಗಳಿವೆ. ಇವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಸಂಗೊಳ್ಳಿ ರಾಯಣ್ಣನ ಸಂಗಡಿಗ ಗಜವೀರ ಸಿದ್ದಿಯೆಂದು ಜನ ಇಂದಿಗೂ ನೆನೆಯುತ್ತಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡದವರು 2020ರಲ್ಲಿ.

ಅದೇ ಸೀಮೆಯ ದಾಂಡೇಲಿ ಕಾಡಿನಲ್ಲಿ ಮಂಗಟ್ಟೆ ಹಕ್ಕಿಯಿದೆ. ಅದರ ಚಿತ್ರಕ್ಕೆ ಟೆಲಿಫೋಟೋ ಮಸೂರ ಬೇಕು. ಅದು ದೂರದ ವಸ್ತುವನ್ನು ದೊಡ್ಡದಾಗಿ ತೋರಿಸುವುದರಿಂದ ಗೂಡಿನ ಬಳಿ ಹೋಗಿ ಹಕ್ಕಿಯನ್ನು ಬೆದರಿಸಬೇಕಿಲ್ಲ. ಸಿದ್ದಿಯರ ದಮಾಮಿ ಕುಣಿತಕ್ಕೆ ಈ ಉಪಾಯ ಸಲ್ಲದು. ಹತ್ತಿರ ಹೋಗಿ, ಹೆಸರು ಕೇಳಿ, ಒಪ್ಪಿಗೆ ಪಡೆಯಬೇಕು. ಅವರು ಕನ್ನಡ ಬಲ್ಲವರು, ದುಭಾಷಿಯೂ ಬೇಕಿಲ್ಲ.

ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಪಡ್ಡಲಗಿ ತುಂಬಿಸುತ್ತಿರುವ ನಿಮ್ಮ ತಾಯಿಯ ಚಿತ್ರವನ್ನು ಅಪರಿಚಿತನೊಬ್ಬ ಕೇಳದೆ ತೆಗೆದರೆ ನಿಮಗೆ ಹೇಗೆನಿಸೀತು? ಕ್ಯಾಮೆರಾ ಎತ್ತುವ ಮೊದಲು ಇದನ್ನು ಯೋಚಿಸಿ.