ಗುಳಿಗೆಯ ಲೆಕ್ಕ ಮನೆಯಲ್ಲೇ ಇರಬೇಕು

ಹೊಳಲ್ಕೆರೆಯಲ್ಲಿ ಕಾಯಿಲೆ ಬಿದ್ದವರಿಗೆ ಆಸ್ಪತ್ರೆಯ ದಾರಿ ಒಂದೇ ಅಲ್ಲ. ಬಿಪಿ, ಶುಗರ್ ಮಾತ್ರೆಗೆ ಊರಿನ ತಾಲ್ಲೂಕು ಆಸ್ಪತ್ರೆ. ಸ್ವಲ್ಪ ಜೋರಾದರೆ ಚಿತ್ರದುರ್ಗದ ಜಿಲ್ಲಾಸ್ಪತ್ರೆ. ಆಪರೇಷನ್ ಎಂದರೆ ಕೆಲವರು ದಾವಣಗೆರೆಯ ಬಾಪೂಜಿಗೆ, ಕೆಲವರು ಶಿವಮೊಗ್ಗದ ಮೆಗ್ಗಾನ್‌ಗೆ. ಎದೆನೋವಾದರೆ ಬೆಂಗಳೂರಿನ ಜಯದೇವ. ಎಲ್ಲ ಕಡೆಯೂ ಚೀಟಿ ಬರೆಯುತ್ತಾರೆ, ಆದರೆ ಒಂದು ಕಡೆ ಬರೆದದ್ದು ಇನ್ನೊಂದು ಕಡೆಯವರಿಗೆ ತಾನಾಗಿ ತಿಳಿಯುವುದಿಲ್ಲ. ಅಷ್ಟೂ ಕಡೆ ಹೋಗಿ ಬಂದವರು ರೋಗಿಯೊಬ್ಬರೇ. ಹಾಗಾಗಿ ಕಾಯಿಲೆಯ ಪೂರ್ತಿ ಚರಿತ್ರೆ ಇರಬೇಕಾದದ್ದು ಅವರ ಮನೆಯಲ್ಲಿ. ಹಾಗೆ ಇಟ್ಟುಕೊಳ್ಳದಿರುವುದಕ್ಕೆ ಅಸಡ್ಡೆಗಿಂತ ಹೆಚ್ಚಾಗಿ ಕೆಲವು ಗಟ್ಟಿ ನಂಬಿಕೆಗಳೇ ಕಾರಣ.

“ಎಲ್ಲಾ ಆಸ್ಪತ್ರೇಲಿ ಇರುತ್ತೆ ಬಿಡ್ರಿ”

ಇರುತ್ತದೆ, ಆದರೆ ಎಂದೆಂದಿಗೂ ಅಲ್ಲ. ವೈದ್ಯರ ವೃತ್ತಿ ನಡತೆಯ ಕುರಿತಾದ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು. ಐದಾರು ವರ್ಷದ ಹಿಂದಿನ ಆಪರೇಷನ್ನಿನ ಕಾಗದ ಈಗ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. ಅದೇ ನಿಯಮಗಳಲ್ಲಿ ರೋಗಿಗೆ ಒಂದು ಹಕ್ಕೂ ಇದೆ: ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಇದು ಗೊತ್ತಿರುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ. ಬಿಲ್ ಕಟ್ಟಿ ಮನೆಗೆ ಹೊರಡುವ ಆತುರದಲ್ಲಿ ಡಿಸ್ಚಾರ್ಜ್ ಸಮ್ಮರಿಯನ್ನು ಮಾತ್ರ ಬಿಟ್ಟು ಬರಬೇಡಿ.

“ಆಯುಷ್ಮಾನ್ ಕಾರ್ಡ್ ಐತಲ್ಲ, ಒತ್ತಿದ್ರೆ ಎಲ್ಲಾ ಬರುತ್ತೆ”

ಇಲ್ಲಿ ಎರಡು ಕಾರ್ಡುಗಳು ಕಲಸಿಹೋಗಿವೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್ ಚಿಕಿತ್ಸೆಯ ಖರ್ಚಿಗೆ ಸಂಬಂಧಿಸಿದ್ದು. 14 ಅಂಕಿಯ ‘ಆಭಾ’ ಸಂಖ್ಯೆಯೇ ಬೇರೆ. ಅದು 2021ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಶುರುವಾದ ಡಿಜಿಟಲ್ ಆರೋಗ್ಯ ಯೋಜನೆಯದು. ಅದರಿಂದ ಹಣ ಸಿಗುವುದಿಲ್ಲ, ದಾಖಲೆಗಳನ್ನು ಒಂದೆಡೆ ನೋಡಲು ದಾರಿ ಸಿಗುತ್ತದೆ. ಆದರೆ ಆಸ್ಪತ್ರೆ ಆ ಜಾಲಕ್ಕೆ ಸೇರಿರಬೇಕು, ನಿಮ್ಮ ಭೇಟಿಯನ್ನು ಆ ಸಂಖ್ಯೆಗೆ ಜೋಡಿಸಿರಬೇಕು, ಬೇರೆ ವೈದ್ಯರು ನೋಡಲು ನೀವು ಒಪ್ಪಿಗೆ ಕೊಟ್ಟಿರಬೇಕು. ಟ್ರಂಕಿನಲ್ಲಿರುವ ಹಳೆಯ ಚೀಟಿಗಳು ತಾವಾಗಿ ಅದರೊಳಗೆ ಹೋಗುವುದಿಲ್ಲ. ಆಭಾ ಮಾಡಿಸಿಕೊಳ್ಳುವುದು ಒಳ್ಳೆಯದೇ, ಆದರೆ ಅದನ್ನು ನಂಬಿ ಕಾಗದ ಎಸೆಯುವುದು ಬೇಡ.

“ಸಣ್ಣ ಬಿಳೀ ಗುಳಿಗೆ, ನಂಗೊತ್ತು”

ಹೆಚ್ಚು ಅಪಾಯ ಇರುವುದು ಈ ಮಾತಿನಲ್ಲಿ. ಬಿಪಿಗೆ, ಶುಗರ್‌ಗೆ, ಥೈರಾಯ್ಡ್‌ಗೆ, ರಕ್ತ ತೆಳುವಾಗಿಸಲು ಕೊಡುವ ಮಾತ್ರೆಗಳಲ್ಲಿ ಸಣ್ಣವೂ ಬಿಳಿಯವೂ ಎಷ್ಟೋ ಇವೆ. ಬಣ್ಣ, ಗಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಹೆಸರೂ ಹಾಗೆಯೇ. ಡೋಲೋ, ಕಾಲ್ಪಾಲ್, ಕ್ರೋಸಿನ್ ಮೂರೂ ಪ್ಯಾರಸಿಟಮಾಲ್. ಜ್ವರಕ್ಕೊಂದು, ಮೈಕೈ ನೋವಿಗೊಂದು ಎಂದು ಎರಡು ಹೆಸರಿನವನ್ನು ನುಂಗಿದವರು ಒಂದೇ ಔಷಧಿಯನ್ನು ಎರಡರಷ್ಟು ನುಂಗಿರುತ್ತಾರೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಅದರ ಮಿತಿ, ದಾಟಿದರೆ ಪೆಟ್ಟು ಬೀಳುವುದು ಲಿವರ್‌ಗೆ.

ಬಿಪಿ ಮಾತ್ರೆಯ ವಿಷಯದಲ್ಲಿ ಇದು ಹೇಗೆ ಬೆಳೆಯುತ್ತದೆ ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಅಜ್ಜನಿಗೆ ಆಮ್ಲೋಡಿಪಿನ್ ಕೊಟ್ಟಿರುತ್ತಾರೆ. ಮುಂದೆ ದಾವಣಗೆರೆಯಲ್ಲಿ ತೋರಿಸಿದಾಗ ಅಜ್ಜ “ಎಂಥದೋ ಗುಳಿಗೆ ತಗೊಳ್ತೀನಿ” ಎಂದಷ್ಟೇ ಹೇಳುತ್ತಾರೆ. ಅಲ್ಲಿ ಆಮ್ಲಾಂಗ್ ಬರೆಯುತ್ತಾರೆ. ಅದೂ ಆಮ್ಲೋಡಿಪಿನ್ನೇ. ಹೆಸರು ಬೇರೆ, ಡಬ್ಬಿ ಬೇರೆ, ಅಜ್ಜ ಎರಡನ್ನೂ ನುಂಗುತ್ತಾರೆ. ಈ ಔಷಧಿ ಹೆಚ್ಚಾದರೆ ಪಾದ ಊದಿಕೊಳ್ಳುವುದು ಸಾಮಾನ್ಯ. ಬಾವು ಕಂಡ ಮೂರನೆಯ ವೈದ್ಯರು, ಪಟ್ಟಿ ಕಣ್ಣ ಮುಂದಿಲ್ಲದಿದ್ದರೆ, ನೀರು ಇಳಿಸುವ ಮಾತ್ರೆ ಬರೆಯಬಹುದು. ಅದರಿಂದ ಸೋಡಿಯಂ, ಪೊಟ್ಯಾಸಿಯಂ ಕುಸಿದು ಅಜ್ಜ ಬಚ್ಚಲಿಗೆ ಹೋಗುವಾಗ ತಲೆ ಸುತ್ತಿ ಬೀಳಬಹುದು. ಮೂರು ಕಡೆಯ ವೈದ್ಯರಲ್ಲಿ ಯಾರನ್ನೂ ದೂರುವಂತಿಲ್ಲ. ಮೊದಲ ಚೀಟಿ ಜೊತೆಗಿದ್ದಿದ್ದರೆ ಎರಡನೆಯ ಕಡೆಯಲ್ಲೇ ಇದು ನಿಲ್ಲುತ್ತಿತ್ತು.

ಆದ್ದರಿಂದ ಬರೆದಿಡಬೇಕಾದದ್ದು ಔಷಧಿಯ ಮೂಲ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂಬುದು. ಎರಡೂ ಸ್ಟ್ರಿಪ್ಪಿನ ಮೇಲೆ ಇರುತ್ತವೆ. ಮೆಡಿಕಲ್ ಶಾಪಿನಲ್ಲಿ ನಾಲ್ಕೇ ಗುಳಿಗೆ ಕತ್ತರಿಸಿ ಕೊಟ್ಟರೆ ಹೆಸರು, ಅವಧಿ ಮುಗಿಯುವ ತಾರೀಖು ಇನ್ನೊಂದು ತುಂಡಿನಲ್ಲೇ ಉಳಿಯಬಹುದು. ಅಲ್ಲೇ ಕೇಳಿ ಬರೆಸಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಹಿರಿಯರ ಗುಳಿಗೆ ಗೊತ್ತಿರುವುದು ಸೊಸೆಗೆ ಮಾತ್ರ, ಆಕೆ ತವರಿಗೆ ಹೋದ ದಿನ ಯಾರಿಗೂ ಗೊತ್ತಿರುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ 108ರವರು ಬಂದು ಕೇಳಿದರೆ ಉತ್ತರ ಸಿಗಬೇಕಾದದ್ದು ಕಾಗದದಲ್ಲಿ.

“ಅದೇನು ಔಷಧಿನಾ, ಅದನ್ನೂ ಹೇಳ್ಬೇಕಾ?”

ಹೇಳಬೇಕು. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿ ಕಣ್ಣಿನಲ್ಲೇ ಉಳಿಯದೆ ರಕ್ತಕ್ಕೂ ಸೇರುತ್ತದೆ. ಉಬ್ಬಸ ಇರುವವರಿಗೆ ಉಸಿರು ಕಟ್ಟಿಸಬಹುದು, ನಾಡಿಬಡಿತ ನಿಧಾನವಾಗಿಸಬಹುದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಸೊಂಟನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್ ಬಿಪಿ ಏರಿಸುತ್ತದೆ, ಕಿಡ್ನಿಗೆ ತೊಂದರೆ ಕೊಡುತ್ತದೆ, ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಮಾಡಿಸಬಹುದು. ಕೆಮ್ಮಿಗೆ ಒಳ್ಳೆಯದೆಂದು ತಿಂಗಳುಗಟ್ಟಲೆ ಹೆಚ್ಚಾಗಿ ಸೇವಿಸಿದರೆ ಜ್ಯೇಷ್ಠಮಧುವೂ ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ನಾಟಿ ಔಷಧಿ ಹೇಳಿದರೆ ಡಾಕ್ಟರು ಬೈಯುತ್ತಾರೆಂಬ ಅಳುಕು ನಮ್ಮಲ್ಲಿ ಬಹಳ. ಬೈದರೂ ಪರವಾಗಿಲ್ಲ, ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ ತೋರಿಸಿ.

“ಲ್ಯಾಮಿನೇಷನ್ ಮಾಡಿಸಿದ್ರೆ ಗಟ್ಟಿ”

ಇಸಿಜಿಗೆ ಇದನ್ನು ಮಾಡಲೇಬೇಡಿ. ಅದು ಶಾಖಕ್ಕೆ ಕಪ್ಪಾಗುವ ಕಾಗದ, ಲ್ಯಾಮಿನೇಷನ್ನಿನ ಬಿಸಿಗೆ ಪೂರ್ತಿ ಕಪ್ಪಾಗಿ ಗೆರೆಯೇ ಕಾಣದಂತಾಗುತ್ತದೆ. ಸುಮ್ಮನೆ ಇಟ್ಟರೂ ಕಾಲಕ್ರಮೇಣ ಮಾಸುತ್ತದೆ. ಬಂದ ವಾರದಲ್ಲೇ ಜೆರಾಕ್ಸ್ ಮಾಡಿಸಿಡಿ.

“ವಾಸಿ ಆಯ್ತಲ್ಲ, ಆ ಚೀಟಿ ಯಾಕೆ?”

ನಾಯಿ ಕಡಿತದ ಚುಚ್ಚುಮದ್ದಿನ ಕಾರ್ಡನ್ನೇ ತೆಗೆದುಕೊಳ್ಳಿ. ಒಮ್ಮೆ ಪೂರ್ತಿ ಕೋರ್ಸ್ ಮುಗಿಸಿದ್ದಕ್ಕೆ ದಾಖಲೆ ಇದ್ದರೆ, ಮತ್ತೆ ಕಚ್ಚಿಸಿಕೊಂಡಾಗ ಎರಡೇ ಚುಚ್ಚುಮದ್ದು ಸಾಕು: ಮೊದಲ ದಿನ ಒಂದು, ಅದಾಗಿ 3 ದಿನಕ್ಕೆ ಇನ್ನೊಂದು. ಗಾಯಕ್ಕೆ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುವುದಿಲ್ಲ. ದಾಖಲೆ ಇಲ್ಲದಿದ್ದರೆ ಮೊದಲಿನಿಂದ ಎಲ್ಲವೂ. ಸ್ಟೆಂಟ್, ಪೇಸ್‌ಮೇಕರ್ ಹಾಕಿಸಿಕೊಂಡವರ ಕಾರ್ಡೂ ಜೀವನಪರ್ಯಂತ ಬೇಕು. ಎಂಆರ್‌ಐ ಮಾಡುವ ಮುನ್ನ ಮೊದಲು ಕೇಳುವುದು ಅದನ್ನೇ.

ಇಷ್ಟಕ್ಕೆಲ್ಲ ದಪ್ಪ ಫೈಲು ಬೇಕಿಲ್ಲ. ಬಸುರಿಯರು ತಪಾಸಣೆಗೆ ಹೋದಾಗಲೆಲ್ಲ ತಾಯಿ ಕಾರ್ಡ್ ಒಯ್ಯುವುದು ನಮ್ಮ ಹಳ್ಳಿಗಳಲ್ಲಿ ರೂಢಿಯಾಗಿದೆ. ಮನೆಯ ಹಿರಿಯರಿಗೂ ಅಂಥದೊಂದು ಹಾಳೆ ಸಾಕು. ಹೆಸರು, ವಯಸ್ಸು, ಇರುವ ಕಾಯಿಲೆಗಳು, ಆದ ಆಪರೇಷನ್ನುಗಳು ಮತ್ತು ವರ್ಷ, ಈಗಿನ ಔಷಧಿಗಳು, ಯಾವ ಹೊತ್ತಿಗೆ ಎಷ್ಟು. ಯಾವ ಔಷಧಿ ಮೈಗೆ ಆಗಿಬರಲಿಲ್ಲ, ಆಗ ಏನಾಯಿತು ಎಂಬುದನ್ನು ಮೇಲ್ಗಡೆ ಕೆಂಪು ಶಾಯಿಯಲ್ಲಿ ಬರೆಯಿರಿ. ನಿಲ್ಲಿಸಿದ ಔಷಧಿಗೆ ಅಡ್ಡಗೆರೆ ಎಳೆದು ತಾರೀಖು ಹಾಕಿ. ಹಾಳೆಯನ್ನು ಆಧಾರ್ ಜೊತೆ ಇಡಿ, ಫೋಟೊ ತೆಗೆದು ಬೆಂಗಳೂರಿನಲ್ಲಿರುವ ಮಗನಿಗೋ ಮಗಳಿಗೋ ವಾಟ್ಸ್ಆ್ಯಪ್ ಮಾಡಿ. ಗುಳಿಗೆ ಬದಲಾದ ದಿನವೇ ಹೊಸ ಫೋಟೊ ಕಳಿಸಿ, ಹಳೆಯದನ್ನು ಅಳಿಸಲು ಹೇಳಿ.