ಎಲೆಕ್ಟ್ರಿಕ್ ಕಾರು ಯಾರಿಗೆ ಲಾಭ, ಯಾರಿಗೆ ನಷ್ಟ? ತೊಂಡಾಮುತ್ತೂರಿನಿಂದ ಒಂದು ಲೆಕ್ಕ

“ಕರೆಂಟಿನ ಕಾರು ತೆಗೆದರೆ ಕಿಲೋಮೀಟರಿಗೆ ಒಂದೇ ರೂಪಾಯಿ ಖರ್ಚು” ಎಂಬ ಮಾತು ಈಗ ಅಂಗಡಿ ಜಗಲಿಯಲ್ಲಿ, ಮದುವೆ ಹಾಲ್‌ನಲ್ಲಿ, ಜುಮಾ ಮುಗಿದ ಮೇಲೆ ಮಸೀದಿ ಅಂಗಳದಲ್ಲಿ ಎಲ್ಲ ಕಡೆ ಕೇಳಿಬರುತ್ತಿದೆ. ಮಾತು ಸುಳ್ಳಲ್ಲ, ಆದರೆ ಪೂರ್ತಿ ಲೆಕ್ಕವೂ ಅಲ್ಲ. ಕಾರಿನ ಬೆಲೆ, ಮನೆಯ ಕರೆಂಟ್ ಬಿಲ್, ಸಾಲದ ಬಡ್ಡಿ, ವರ್ಷಕ್ಕೆ ಓಡುವ ದೂರ ಇವೆಲ್ಲ ಸೇರಿದ ಮೇಲೆಯೇ ಲಾಭವೋ ನಷ್ಟವೋ ಹೇಳಲು ಬರುವುದು.

ಲೆಕ್ಕಕ್ಕೆ ಒಂದು ಊರು ಬೇಕು. ತಮಿಳುನಾಡಿನ ತೊಂಡಾಮುತ್ತೂರನ್ನು ತೆಗೆದುಕೊಳ್ಳೋಣ. ಕೊಯಮತ್ತೂರಿನ ಪಶ್ಚಿಮಕ್ಕೆ ಸುಮಾರು 15 ಕಿ.ಮೀ. ದೂರದಲ್ಲಿ, ಘಟ್ಟದ ಬುಡದಲ್ಲಿ, ನೊಯ್ಯಲ್ ಹೊಳೆಯ ಕಣಿವೆಯಲ್ಲಿರುವ ಊರು ಇದು. ತೆಂಗು, ಬಾಳೆ, ಅಡಿಕೆ ತೋಟಗಳಿರುವುದರಿಂದ ಪುತ್ತೂರು, ಸುಳ್ಯದವರು ಹೋದರೆ ಪರ ಊರು ಅಂತ ಅನಿಸುವುದಿಲ್ಲ. ಕೊಯಮತ್ತೂರು, ತಿರುಪ್ಪೂರು ಭಾಗದಲ್ಲಿ ಕನ್ನಡ ಮಾತನಾಡುವ ದೇವಾಂಗ, ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಕರಾವಳಿಯ ಬಟ್ಟೆ ವ್ಯಾಪಾರಿಗಳಿಗಂತೂ ತಿರುಪ್ಪೂರಿನ ಬನಿಯನ್, ಟಿ-ಶರ್ಟ್ ಹೊಸ ವಿಷಯವಲ್ಲ. ಕರೆಂಟಿನ ಗಾಡಿಯೂ ಆ ಕಡೆಗೆ ಹೊಸದಲ್ಲ. ಎಲೆಕ್ಟ್ರಿಕ್ ಸ್ಕೂಟರ್ ತಯಾರಿಸುವ ಆಂಪಿಯರ್ ಕಂಪೆನಿ 2008ರಲ್ಲಿ ಹುಟ್ಟಿದ್ದು ಕೊಯಮತ್ತೂರಿನಲ್ಲೇ.

ತೊಂಡಾಮುತ್ತೂರಿನಲ್ಲಿ ಮನೆ, ಕೊಯಮತ್ತೂರು ಪೇಟೆಯಲ್ಲಿ ಅಂಗಡಿ ಇರುವ ಒಬ್ಬ ವ್ಯಾಪಾರಿಯನ್ನು ಊಹಿಸಿಕೊಳ್ಳಿ. ಹೋಗಿ ಬಂದು, ನಡುವೆ ನಾಲ್ಕು ಕಡೆ ಸುತ್ತಿ ದಿನಕ್ಕೆ 40 ಕಿ.ಮೀ. ಆಗುತ್ತದೆ. ತಿಂಗಳಿಗೆ 25 ದಿನವೆಂದರೆ 1,000 ಕಿ.ಮೀ.

ಕಿಲೋಮೀಟರಿನ ಲೆಕ್ಕ

ಸಣ್ಣ ಪೆಟ್ರೋಲ್ ಕಾರು ಪೇಟೆಯ ಓಡಾಟದಲ್ಲಿ ಲೀಟರಿಗೆ 16 ಕಿ.ಮೀ. ಕೊಡುತ್ತದೆ, ಪೆಟ್ರೋಲಿಗೆ 102 ರೂಪಾಯಿ ಅಂತ ಹಿಡಿದರೆ ಕಿಲೋಮೀಟರಿಗೆ ಸುಮಾರು 6.40 ರೂಪಾಯಿ. ಅದೇ ಗಾತ್ರದ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ 7 ಕಿ.ಮೀ. ಓಡಿದರೂ ಚಾರ್ಜ್ ಆಗುವಾಗ ಸ್ವಲ್ಪ ಕರೆಂಟ್ ಪೋಲಾಗುತ್ತದೆ. ಆದ್ದರಿಂದ ಬಿಲ್ಲಿನಲ್ಲಿ ಬರುವ ಯೂನಿಟ್‌ಗೆ 6 ಕಿ.ಮೀ. ಎಂದು ಹಿಡಿಯುವುದು ಸರಿ. ಯೂನಿಟ್ ದರ ಜಾಸ್ತಿಯೇ ಹಿಡಿದು 9 ರೂಪಾಯಿ ಅಂದರೂ ಕಿಲೋಮೀಟರಿಗೆ 1.50 ರೂಪಾಯಿ. ಅಂದರೆ ಉಳಿತಾಯ 4.90 ರೂಪಾಯಿ. ತಿಂಗಳಿಗೆ 4,900, ವರ್ಷಕ್ಕೆ 58,800.

ಇನ್ನು ಕಾರಿನ ಬೆಲೆ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ 2019ರ ಆಗಸ್ಟ್‌ನಿಂದ ಶೇ. 5 ಮಾತ್ರ. ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿಯನ್ನೂ ಶೇ. 28ರಿಂದ 18ಕ್ಕೆ ಇಳಿಸಿದ್ದರಿಂದ ಎರಡರ ನಡುವಿನ ಅಂತರ ಮತ್ತೆ ಹಿಗ್ಗಿದೆ. ಒಂದೇ ಗಾತ್ರದ ಎರಡು ಕಾರುಗಳ ನಡುವೆ 3 ಲಕ್ಷ ರೂಪಾಯಿ ವ್ಯತ್ಯಾಸ ಅಂತ ಇಟ್ಟುಕೊಂಡರೆ, ಆ ಹೆಚ್ಚುವರಿ ಹಣ ವಾಪಸ್ ಬರಲು ಐದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಬ್ಯಾಟರಿಗೆ ಸಾಮಾನ್ಯವಾಗಿ ಸಿಗುವ ವಾರಂಟಿ 8 ವರ್ಷ ಅಥವಾ 1.60 ಲಕ್ಷ ಕಿ.ಮೀ. ಹಾಗಾಗಿ ವಾರಂಟಿಯ ಒಳಗೆ ಹಣ ಬಂದೇ ಬರುತ್ತದೆ.

ಇಷ್ಟಕ್ಕೆ ಶೋರೂಂನವರು ಪುಸ್ತಕ ಮುಚ್ಚುತ್ತಾರೆ. ವ್ಯಾಪಾರಿ ಮುಚ್ಚಬಾರದು.

ಆ 3 ಲಕ್ಷ ಅಂಗಡಿಯಲ್ಲಿ ಇದ್ದಿದ್ದರೆ?

ಅದೇ 3 ಲಕ್ಷವನ್ನು ಸರಕಿಗೆ ಹಾಕಿ, ಖರ್ಚು ಕಳೆದು ವರ್ಷಕ್ಕೆ ಶೇ. 10 ಲಾಭ ಬಂದರೂ 30,000 ರೂಪಾಯಿ. ಎಂಟು ವರ್ಷಕ್ಕೆ 2.40 ಲಕ್ಷ, ಜತೆಗೆ ಅಸಲು 3 ಲಕ್ಷ ಕೈಯಲ್ಲೇ ಇರುತ್ತದೆ. ಒಟ್ಟು 5.40 ಲಕ್ಷ. ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ ಎಂಟು ವರ್ಷದಲ್ಲಿ ಇಂಧನದಲ್ಲಿ ಉಳಿಯುವುದು 4.70 ಲಕ್ಷ. ಅಂದರೆ ಸ್ವಲ್ಪ ಕಡಿಮೆಯೇ. ಈ ಅಂದಾಜಿನಲ್ಲಿ ತಿಂಗಳಿಗೆ ಸುಮಾರು 1,150 ಕಿ.ಮೀ. ದಾಟಿದರೆ ಮಾತ್ರ ಎಲೆಕ್ಟ್ರಿಕ್ ಕಾರು ಗೆಲ್ಲುತ್ತದೆ.

ಅದೇ ವ್ಯಾಪಾರಿ ವಾರಕ್ಕೊಮ್ಮೆ ತಿರುಪ್ಪೂರಿಗೂ ಹೋಗುತ್ತಾರೆ ಅಂತ ಇಟ್ಟುಕೊಳ್ಳಿ. ಹೋಗಿಬರಲು ಸುಮಾರು 140 ಕಿ.ಮೀ. ಆಗ ತಿಂಗಳ ಓಟ 1,560 ಕಿ.ಮೀ. ಆಗುತ್ತದೆ, ಉಳಿತಾಯ ವರ್ಷಕ್ಕೆ 83,000 ರೂಪಾಯಿ ಹತ್ತಿರ ಬರುತ್ತದೆ. ನಾಲ್ಕು ವರ್ಷದ ಒಳಗೇ ಹೆಚ್ಚುವರಿ ಹಣ ವಸೂಲಿ. ಆದರೆ ಒಂದು ಎಚ್ಚರಿಕೆ ಉಂಟು. ಸಣ್ಣ ಬ್ಯಾಟರಿಯ ಕಾರಿಗೆ ಎಸಿ ಹಾಕಿಕೊಂಡು ಹೆದ್ದಾರಿಯಲ್ಲಿ 140 ಕಿ.ಮೀ. ಅಂದರೆ ಅಂಚಿಗೆ ಬಂದ ಹಾಗೆ. ಕಂಪೆನಿ ಹೇಳುವ ರೇಂಜ್‌ನಲ್ಲಿ ಮುಕ್ಕಾಲು ಪಾಲು ಸಿಕ್ಕಿದರೆ ಹೆಚ್ಚು.

ಇನ್ನೊಂದು ತುದಿಯಲ್ಲಿ ಗಲ್ಫ್‌ನಲ್ಲಿರುವ ಮಗನ ಕಾರು. ವಾರದಲ್ಲಿ ಒಂದು ದಿನ ತರವಾಡು ಮನೆಗೆ, ಆಸ್ಪತ್ರೆಗೆ, ಮದುವೆಗೆ ಅಂತ ತಿಂಗಳಿಗೆ 300 ಕಿ.ಮೀ. ಓಡುತ್ತದೆ. ಅಲ್ಲಿ ವರ್ಷದ ಉಳಿತಾಯ ಬರೀ 17,640. ಮೂರು ಲಕ್ಷ ವಾಪಸ್ ಬರಲು 17 ವರ್ಷ! ಅಂಥವರಿಗೆ ಹಳೆಯ ಪೆಟ್ರೋಲ್ ಕಾರೇ ಸಾಕು. ಬೇಕಾದ ದಿನ ಬಾಡಿಗೆ ಗಾಡಿ ಮಾಡಿದರೂ ನಷ್ಟವಿಲ್ಲ.

ಊರಿನವರಿಗೆ ಗೃಹಜ್ಯೋತಿಯ ಗಂಟು

ಮಂಗಳೂರು, ಉಳ್ಳಾಲ, ಬಂಟ್ವಾಳದವರು ಗಮನಿಸಬೇಕಾದ ವಿಷಯ ಇದು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 1,000 ಕಿ.ಮೀ. ಓಡಲು ಕಾರಿಗೆ ಬೇಕಾಗುವುದು ಸುಮಾರು 167 ಯೂನಿಟ್. ಮನೆಯಲ್ಲಿ ಈಗ 120 ಯೂನಿಟ್ ಉರಿದು ಬಿಲ್ ಶೂನ್ಯ ಬರುತ್ತಿದ್ದರೆ, ಕಾರು ಬಂದ ಮೇಲೆ 287 ಯೂನಿಟ್ ಆಗುತ್ತದೆ. ತೆರಿಗೆ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದರೂ 2,000 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ ಬೇರೆ. ಕಾರು ಕುಡಿದದ್ದು 167 ಯೂನಿಟ್, ಹಣ ಕೊಡುವುದು 287 ಯೂನಿಟ್‌ಗೆ. “ಕಿಲೋಮೀಟರಿಗೆ ಒಂದು ರೂಪಾಯಿ” ಅಲ್ಲಿಗೇ ಎರಡಾಯಿತು. ಇವಿ ಚಾರ್ಜಿಂಗ್‌ಗೆ ಬೇರೆ ದರದ ವರ್ಗ ಇರುವುದರಿಂದ, ಪ್ರತ್ಯೇಕ ಮೀಟರ್ ಸಿಗುತ್ತದೆಯೇ ಎಂದು ಕಾರು ಬುಕ್ ಮಾಡುವ ಮೊದಲು ಮೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಿ.

ತಮಿಳುನಾಡಿನಲ್ಲಿ ಬಿಲ್ ಎರಡು ತಿಂಗಳಿಗೊಮ್ಮೆ. ಮನೆಗಳಿಗೆ ಮೊದಲ 100 ಯೂನಿಟ್ ಉಚಿತ, ಆದರೆ 500 ಯೂನಿಟ್ ದಾಟಿದರೆ ದರದ ಹಂತವೇ ಬದಲಾಗಿ ಮೇಲಿನ ಯೂನಿಟ್‌ಗಳಿಗೆ 8 ರೂಪಾಯಿಗೂ ಹೆಚ್ಚು ಬೀಳುತ್ತದೆ. ಕಾರಿನ ಯೂನಿಟ್‌ಗಳು ಯಾವತ್ತೂ ಬಿಲ್ಲಿನ ಮೇಲ್ತುದಿಗೆ ಸೇರುವಂಥವು. ಮೇಲಿನ ಲೆಕ್ಕದಲ್ಲಿ 9 ರೂಪಾಯಿ ಹಿಡಿದದ್ದು ಅದಕ್ಕೇ.

ಸ್ವಂತ ಮನೆ, ಸ್ವಂತ ಮಾಡು ಇರುವವರಿಗೆ ಸೋಲಾರ್ ಒಂದು ದಾರಿ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿವರೆಗೆ ಸಬ್ಸಿಡಿ ಉಂಟು. ಬಾಡಿಗೆ ಮನೆ ಅಥವಾ ಫ್ಲ್ಯಾಟ್ ಆದರೆ ಪಾರ್ಕಿಂಗ್ ಜಾಗಕ್ಕೆ 15 ಆಂಪಿಯರ್ ಪಾಯಿಂಟ್ ಎಳೆಯಲು ಮಾಲಕರ ಒಪ್ಪಿಗೆ ಬೇಕು, ಸರಿಯಾದ ಅರ್ಥಿಂಗ್ ಬೇಕು. ಮನೆಯಲ್ಲಿ ಚಾರ್ಜ್ ಮಾಡಲು ಆಗದವರು ಎಲೆಕ್ಟ್ರಿಕ್ ಕಾರಿನ ಆಸೆ ಬಿಡುವುದೇ ಲೇಸು.

ಪೆರ್ನಾಲ್‌ಗೆ ಊರಿಗೆ ಬರುವಾಗ

ಕೊಯಮತ್ತೂರಿನಿಂದ ಪಾಲಕ್ಕಾಡ್, ಕೋಯಿಕ್ಕೋಡ್, ಕಣ್ಣೂರು ದಾರಿಯಾಗಿ ಮಂಗಳೂರಿಗೆ 400 ಕಿ.ಮೀ.ಗೂ ಹೆಚ್ಚು. ಸಣ್ಣ ಬ್ಯಾಟರಿಯ ಕಾರಿಗೆ ದಾರಿಯಲ್ಲಿ ಎರಡು ಮೂರು ಸಲ ಚಾರ್ಜ್ ಬೇಕು, ಒಂದೊಂದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್‌ಗೆ 20 ರೂಪಾಯಿ ಆಸುಪಾಸು. ಹೆದ್ದಾರಿಯಲ್ಲಿ ಪೆಟ್ರೋಲ್ ಕಾರಿನ ಮೈಲೇಜ್ ಏರುವುದರಿಂದ ಉಳಿತಾಯ ಕಿಲೋಮೀಟರಿಗೆ 1.80 ರೂಪಾಯಿಗೆ ಇಳಿಯುತ್ತದೆ. ಹೋಗಿಬರುವ ಪ್ರಯಾಣಕ್ಕೆ ಒಟ್ಟು ಉಳಿಯುವುದು ಸುಮಾರು 1,500 ರೂಪಾಯಿ. ಹಬ್ಬದ ಮುನ್ನಾದಿನ ಮಕ್ಕಳು, ವಯಸ್ಸಾದ ಉಮ್ಮ ಕಾರಿನಲ್ಲಿರುವಾಗ ಚಾರ್ಜರ್ ಮುಂದೆ ಸಾಲು ನಿಲ್ಲುವುದಕ್ಕೆ ಅದು ದೊಡ್ಡ ಮೊತ್ತವಲ್ಲ. ಕೊಯಮತ್ತೂರು-ಮಂಗಳೂರು ಇಂಟರ್‌ಸಿಟಿ ರೈಲು ಇರುವಾಗ ಊರಿಗೆ ರೈಲು, ಪೇಟೆಗೆ ಕಾರು ಎಂಬ ಏರ್ಪಾಡೇ ಒಳ್ಳೆಯದು.

ಹಾಗೆಯೇ, ಮಂಗಳೂರಿನಲ್ಲಿ ಕಾರು ತೆಗೆದು ಕೊಯಮತ್ತೂರಿನಲ್ಲಿ ಓಡಿಸುವವರು 12 ತಿಂಗಳು ದಾಟಿದರೆ ಅಲ್ಲಿನ ನೋಂದಣಿ ಮಾಡಿಸಬೇಕು. ರಸ್ತೆ ತೆರಿಗೆಯ ರಿಯಾಯಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ವರ್ಷದಿಂದ ವರ್ಷಕ್ಕೂ ಬದಲಾಗುತ್ತಿದೆ. ಕರ್ನಾಟಕ 2024ರಲ್ಲಿ 25 ಲಕ್ಷಕ್ಕಿಂತ ದುಬಾರಿ ಎಲೆಕ್ಟ್ರಿಕ್ ಕಾರುಗಳಿಗೆ ಶೇ. 10 ತೆರಿಗೆ ಹಾಕಿತು. ಖರೀದಿಸುವ ವಾರದಲ್ಲೇ ಆರ್‌ಟಿಒದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ತೆರಿಗೆಯ ಹೆಸರಲ್ಲಿ ಹೇಳುವ ಮಾತುಗಳು

“ಸಾಲದ ಬಡ್ಡಿಗೆ ಒಂದೂವರೆ ಲಕ್ಷ ಇನ್‌ಕಮ್ ಟ್ಯಾಕ್ಸ್ ವಿನಾಯಿತಿ ಉಂಟು” ಎಂಬ ಮಾತು ಈಗಲೂ ಓಡಾಡುತ್ತಿದೆ. 80ಇಇಬಿ ಸೆಕ್ಷನ್‌ನ ಆ ಸೌಲಭ್ಯ 2023ರ ಮಾರ್ಚ್ 31ರ ಒಳಗೆ ಮಂಜೂರಾದ ಸಾಲಕ್ಕೆ ಮಾತ್ರ. ಅಂಗಡಿಯ ಹೆಸರಲ್ಲಿ ತೆಗೆದರೂ ಓಡಾಟದ ಕಾರಿನ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ. ಸರಕು ಸಾಗಿಸುವ ಎಲೆಕ್ಟ್ರಿಕ್ ಗೂಡ್ಸ್ ಗಾಡಿಗೆ ಸಿಗುತ್ತದೆ. ಲೆಕ್ಕಪುಸ್ತಕ ಇಟ್ಟು ರಿಟರ್ನ್ ಸಲ್ಲಿಸುವವರಿಗೆ ಎಲೆಕ್ಟ್ರಿಕ್ ವಾಹನದ ಸವಕಳಿ ದರ ಸಾಮಾನ್ಯ ಕಾರಿಗಿಂತ ಹೆಚ್ಚು. ಆದರೆ ವಹಿವಾಟಿನ ಶೇಕಡಾವಾರು ಲೆಕ್ಕದಲ್ಲಿ ಅಂದಾಜು ಲಾಭ ತೋರಿಸುವ ಸಣ್ಣ ವ್ಯಾಪಾರಿಗೆ ಅದರ ಪ್ರಯೋಜನ ಇಲ್ಲ. ವಿಮೆಯಲ್ಲಿ ಥರ್ಡ್ ಪಾರ್ಟಿ ಕಂತು ಶೇ. 15 ಕಡಿಮೆ, ಆದರೆ ಕಾರಿನ ಬೆಲೆ ಜಾಸ್ತಿಯಾದ್ದರಿಂದ ಸ್ವಂತ ಹಾನಿಯ ಕಂತು ಏರುತ್ತದೆ. ಎಂಜಿನ್ ಆಯಿಲ್ ಇಲ್ಲದೆ ಸರ್ವಿಸ್‌ನಲ್ಲಿ ಉಳಿಯುವುದು ಅಲ್ಲಿಗೆ ಸರಿಹೋಗುತ್ತದೆ ಅಂತ ಹಿಡಿಯಬಹುದು.

ಬಡ್ಡಿ, ಬ್ಯಾಟರಿ ಬಾಡಿಗೆ, ಝಕಾತ್

ಮೇಲಿನ ಲೆಕ್ಕವೆಲ್ಲ ನಗದು ಖರೀದಿಯದ್ದು. ಬಡ್ಡಿ ಸಾಲದಲ್ಲಿ ತೆಗೆದರೆ ಐದು ವರ್ಷದ ಉಳಿತಾಯದ ದೊಡ್ಡ ಪಾಲು ಫೈನಾನ್ಸ್ ಕಂಪೆನಿಗೇ ಹೋಗುತ್ತದೆ. ದೀನಿನ ಪ್ರಕಾರ ಬಡ್ಡಿಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ದುನಿಯಾದ ಲೆಕ್ಕವೂ ಅದರ ವಿರುದ್ಧವೇ ನಿಲ್ಲುತ್ತದೆ.

ಇತ್ತೀಚೆಗೆ “ಕಾರಿಗೆ ಮಾತ್ರ ಹಣ ಕೊಡಿ, ಬ್ಯಾಟರಿಗೆ ಕಿಲೋಮೀಟರಿಗೆ ಇಷ್ಟು ಕೊಡಿ” ಎಂಬ ಯೋಜನೆ ಬಂದಿದೆ. 2024ರಲ್ಲಿ ಎಂಜಿ ವಿಂಡ್ಸರ್ ಬಿಡುಗಡೆಯಾದಾಗ ಬ್ಯಾಟರಿ ಬಿಟ್ಟು 9.99 ಲಕ್ಷ, ಬ್ಯಾಟರಿಗೆ ಕಿಲೋಮೀಟರಿಗೆ 3.50 ರೂಪಾಯಿ ಎಂದಿತ್ತು. ಕರೆಂಟಿನ 1.50 ಸೇರಿಸಿದರೆ ಕಿಲೋಮೀಟರಿಗೆ 5 ರೂಪಾಯಿ. ಪೆಟ್ರೋಲಿಗೂ ಅದಕ್ಕೂ ಉಳಿದ ಅಂತರ ಬರೀ 1.40. ಇಂಥ ಯೋಜನೆಗಳಲ್ಲಿ ಬಾಡಿಗೆ ಎಂಬ ಹೆಸರಿನ ಹಿಂದೆ ಸಾಲದ ಒಪ್ಪಂದವೂ ಇರಬಹುದು. ಸಹಿ ಹಾಕುವ ಮೊದಲು ಕಾಗದ ಪೂರ್ತಿ ಓದಿ, ಸಂಶಯವಿದ್ದರೆ ಮಹಲ್ಲಿನ ಉಸ್ತಾದರ ಬಳಿ ತೋರಿಸಿ.

ಸ್ವಂತ ಬಳಕೆಯ ಕಾರಿಗೆ ಝಕಾತ್ ಇಲ್ಲ. ಆದರೆ ಕಾರಿಗಾಗಿ ಕೂಡಿಟ್ಟ ಹಣ ನಿಸಾಬ್ ಮುಟ್ಟಿ ವರ್ಷ ತುಂಬಿದರೆ ಝಕಾತ್ ಉಂಟು. ಎರಡು ಮೂರು ವರ್ಷ ಹಣ ಕೂಡಿಸುವ ಯುವಕರು ಇದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು.

ಕೊನೆಯದಾಗಿ

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ನೋಡುವವರು ಬ್ಯಾಟರಿಯ ಆರೋಗ್ಯದ ವರದಿಯನ್ನು ಸರ್ವಿಸ್ ಸೆಂಟರ್‌ನಿಂದ ಬರೆಸಿಕೊಳ್ಳಿ. ವಾರಂಟಿ ಎರಡನೇ ಮಾಲಕನಿಗೂ ಉಂಟೇ ಕೇಳಿ, ಕೆಲವು ಕಂಪೆನಿಗಳ ಆಜೀವ ವಾರಂಟಿ ಮೊದಲ ಮಾಲಕನಿಗೆ ಮಾತ್ರ.

ದಿನಕ್ಕೆ 45-50 ಕಿ.ಮೀ. ಓಡಾಟ, ಮನೆಯಲ್ಲೇ ಚಾರ್ಜಿಂಗ್, ಕೈಯಲ್ಲಿ ನಗದು, ಎಂಟು ವರ್ಷ ಅದೇ ಕಾರು ಇಟ್ಟುಕೊಳ್ಳುವ ಮನಸ್ಸು, ಈ ನಾಲ್ಕೂ ಇದ್ದರೆ ಎಲೆಕ್ಟ್ರಿಕ್ ಕಾರು ಲಾಭದ ವ್ಯಾಪಾರ. ನಾಲ್ಕರಲ್ಲಿ ಎರಡು ಇಲ್ಲದಿದ್ದರೆ ಸದ್ಯಕ್ಕೆ ಕಾಯುವುದು ಜಾಣತನ. ಬುಕಿಂಗ್ ಹಣ ಕೊಡುವ ಮೊದಲು ಕಳೆದ ಮೂರು ತಿಂಗಳ ಪೆಟ್ರೋಲ್ ಖರ್ಚು, ಕರೆಂಟ್ ಬಿಲ್ ಎರಡನ್ನೂ ಮುಂದಿಟ್ಟುಕೊಂಡು ಮನೆಯವರ ಜತೆ ಕೂತು ಒಮ್ಮೆ ಈ ಲೆಕ್ಕ ಹಾಕಿ ನೋಡಿ.